ಗ್ರಾಮ ಸಂಘಗಳ ಬರವಣಿಗೆಯೂ ಯಂತ್ರದ ನೆರವೂ

ಕನ್ನಡ ನಾಡಿನ ಗ್ರಾಮಗಳಲ್ಲಿ ಲಾಭದ ಉದ್ದೇಶವಿಲ್ಲದೆ ಊರಿನ ಹಿತಕ್ಕಾಗಿ ಏರ್ಪಟ್ಟಿರುವ ಸಂಘಗಳು ಒಂದೆರಡಲ್ಲ. ಕೆರೆ ಬಳಕೆದಾರರ ಸಂಘ, ಜಲಾನಯನ ಸಮಿತಿ, ವಿದ್ಯಾ ಸಂಘ, ಗೋಶಾಲೆ, ವಾಚನಾಲಯ, ಮಹಿಳೆಯರ ಸ್ವಸಹಾಯ ಸಂಘಗಳ ಒಕ್ಕೂಟ, ಇವೆಲ್ಲವೂ ಆ ವರ್ಗಕ್ಕೆ ಸೇರಿದುವು. ಇವುಗಳಲ್ಲಿ ಅನೇಕವು ಉತ್ಸಾಹದಿಂದ ಪ್ರಾರಂಭವಾಗಿ ಮೂರು ನಾಲ್ಕು ವರ್ಷಗಳೊಳಗಾಗಿ ಹೆಸರಿಗೆ ಮಾತ್ರ ಉಳಿಯುವುದು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ತಿಳಿಯದ ವಿಷಯವಲ್ಲ. ಹಣದ ಅಭಾವವೂ ಊರಿನೊಳಗಣ ಪಕ್ಷಗಳೂ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಅರ್ಧ ಸತ್ಯ. ಸಭೆ ನಡೆದರೂ ನಡಾವಳಿ ಬರೆಯದೆ ಹೋದದ್ದು, ಮೇಲಿನಿಂದ ಬಂದ ಕಾಗದಕ್ಕೆ ಉತ್ತರ ಹೋಗದೆ ಇದ್ದದ್ದು, ಲೆಕ್ಕದ ವರದಿ ಸಕಾಲದಲ್ಲಿ ತಯಾರಾಗದೆ ಮುಂದಿನ ಕಂತಿನ ಹಣ ನಿಂತದ್ದು, ಇಂಥಾ ಸಣ್ಣ ಕಾರಣಗಳು ಎಷ್ಟೋ ಸಂಘಗಳನ್ನು ಸದ್ದಿಲ್ಲದೆ ಮಲಗಿಸಿರುವುವು.

ಸಂಘದ ಕಾರ್ಯದರ್ಶಿಯ ಸ್ಥಿತಿಯನ್ನು ಆಲೋಚಿಸಿದರೆ ಇದು ಸ್ಪಷ್ಟವಾಗುವುದು. ಆತನಿಗೆ ಸಂಬಳವಿಲ್ಲ. ಬೆಳಗ್ಗೆ ಡೈರಿಗೆ ಹಾಲು ಹಾಕಿ, ಹಗಲೆಲ್ಲ ಹೊಲಗದ್ದೆಗಳ ಕೆಲಸ ನೋಡಿಕೊಂಡು, ರಾತ್ರಿ ಊಟವಾದ ಮೇಲೆ ಸಂಘದ ಪುಸ್ತಕಗಳನ್ನು ತೆರೆಯತಕ್ಕವನು. 1960ನೇ ಇಸವಿಯ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಮೇರೆಗೆ ನೋಂದಾಯಿಸಲ್ಪಟ್ಟ ಸಂಘವು ಪ್ರತಿವರ್ಷವೂ ಸರ್ವಸದಸ್ಯರ ಸಭೆಯನ್ನು ಸೇರಿಸಿ, ಆಡಳಿತ ಮಂಡಲಿಯ ಪಟ್ಟಿಯನ್ನೂ ಲೆಕ್ಕಪತ್ರಗಳನ್ನೂ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಇದಲ್ಲದೆ ಬ್ಯಾಂಕಿಗೊಂದು ಠರಾವು, ಪಂಚಾಯಿತಿಗೊಂದು ಮನವಿ, ಧನಸಹಾಯ ಮಾಡಿದವರಿಗೊಂದು ವರದಿ. ಅದರಲ್ಲಿಯೂ ಕೆಲವು ಇಂಗ್ಲಿಷಿನಲ್ಲಿಯೇ ಆಗಬೇಕು. ಇಂಗ್ಲಿಷಿನಲ್ಲಿ ಸರಿಯಾಗಿ ಕಾಗದ ಬರೆಯಬಲ್ಲವರು ಊರಿಗೊಬ್ಬರೋ ಇಬ್ಬರೋ. ಅವರು ಮಗಳ ಮದುವೆಯ ಓಡಾಟದಲ್ಲಿದ್ದರೆ ಸಂಘದ ಕಾಗದ ಒಂದು ತಿಂಗಳು ಕಾಯುವುದು. ಅಷ್ಟರಲ್ಲಿ ವಾಯಿದೆ ಮೀರಿರುವುದು.

ಈ ಹೊರೆಯನ್ನು ತಕ್ಕಮಟ್ಟಿಗೆ ಇಳಿಸಬಲ್ಲ ಸಾಧನವೊಂದು ಈಗ ಮೊಬೈಲು ಫೋನಿನಲ್ಲಿಯೇ ದೊರೆಯುತ್ತಿದೆ. ಕೃತಕ ಬುದ್ಧಿಮತ್ತೆಯ ಸಹಾಯಕ, ಅಥವಾ ಎಐ ಸಹಾಯಕ, ಎಂದು ಇದಕ್ಕೆ ಹೆಸರು. 2022ನೇ ಇಸವಿ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬುದು ಹೊರಬಂದಂದಿನಿಂದ ಇಂಥಾ ಸಾಧನಗಳು ಹಲವಾಗಿವೆ. ಗೂಗಲ್ ಕಂಪೆನಿಯ ಜೆಮಿನಿ ಎಂಬುದರ ಮೊಬೈಲು ಆಪ್ 2024ರ ಜೂನಿನಲ್ಲಿ ಭಾರತದಲ್ಲಿ ಬಿಡುಗಡೆಯಾದಾಗಲೇ ಕನ್ನಡವನ್ನೂ ಒಳಗೊಂಡಿತ್ತು. ದೇಶಭಾಷೆಗಳ ನಡುವೆ ಭಾಷಾಂತರಕ್ಕೆ ಅನುಕೂಲವಾಗಲೆಂದು ಕೇಂದ್ರ ಸರ್ಕಾರವು 2022ರ ಜುಲೈನಲ್ಲಿ ಭಾಷಿಣಿ ಎಂಬ ಯೋಜನೆಯನ್ನು ಪ್ರಾರಂಭಿಸಿತು. ಕೆಲವು ಸಹಾಯಕಗಳನ್ನು ಸಾಧಾರಣ ಉಪಯೋಗಕ್ಕೆ ದುಡ್ಡು ಕೊಡದೆಯೇ ಬಳಸಬಹುದು.

ಇದು ಮಾಡುವ ಕೆಲಸದ ಸ್ವರೂಪವನ್ನು ಮೊದಲು ತಿಳಿದುಕೊಳ್ಳುವುದು ಯುಕ್ತ. ಅಪಾರವಾದ ಬರವಣಿಗೆಯನ್ನು ಈ ಯಂತ್ರಕ್ಕೆ ಉಣಿಸಿ, ಒಂದು ಮಾತಿನ ಮುಂದೆ ಯಾವ ಮಾತು ಬರುವುದು ಸಹಜವೆಂಬುದನ್ನು ಅದಕ್ಕೆ ಅಭ್ಯಾಸ ಮಾಡಿಸಿರುತ್ತಾರೆ. ಆದಕಾರಣ ಅದರ ವಾಕ್ಯಗಳು ನಯವಾಗಿಯೂ ಕ್ರಮವಾಗಿಯೂ ಇರುತ್ತವೆ. ಆದರೆ ನಯವಾದ ವಾಕ್ಯವೆಲ್ಲ ನಿಜವಾದ ವಾಕ್ಯವಲ್ಲ. ತಿಳಿಯದ ಕಡೆಯಲ್ಲಿ ‘ತಿಳಿಯದು’ ಎನ್ನುವುದಕ್ಕೆ ಬದಲಾಗಿ, ಇರಬಹುದಾದದ್ದನ್ನು ಇದ್ದದ್ದೆಂಬಂತೆ ಬರೆದುಬಿಡುವ ದೋಷ ಅದರಲ್ಲಿ ಉಂಟು. ಪಟ್ಟಣದಿಂದ ಹೊಸದಾಗಿ ಬಂದ ಚುರುಕಾದ ಗುಮಾಸ್ತನಿಗೆ ಅದನ್ನು ಹೋಲಿಸಬಹುದು. ಬರೆಯುವುದರಲ್ಲಿ ಆತನಿಗೆ ಸಮಾನರಿಲ್ಲ. ಊರಿನ ಸಂಗತಿ ಮಾತ್ರ ಏನೂ ಗೊತ್ತಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳಲು ಸಂಕೋಚ.

ಇಂಥಾ ಗುಮಾಸ್ತನನ್ನು ಎಲ್ಲಿ ಕೂರಿಸಬೇಕು ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ಯಂತ್ರದ ಪ್ರಶಂಸಕರು ಸಾಮಾನ್ಯವಾಗಿ ಅದನ್ನು ನೇರವಾಗಿ ಹೊಲಕ್ಕೆ ಕರೆತರುತ್ತಾರೆ: ರೋಗಕ್ಕೆ ಔಷಧ ಯಾವುದು, ಗೊಬ್ಬರ ಎಷ್ಟು, ಬಿತ್ತನೆ ಯಾವಾಗ ಎಂದು ಕೇಳಿಸುತ್ತಾರೆ. ಗ್ರಾಮ ಸಂಘಗಳು ಅದನ್ನು ಮೊದಲು ಬರವಣಿಗೆಯ ಮೇಜಿನ ಮುಂದೆ ಕೂರಿಸುವುದೇ ಸರಿಯಾದ ಕ್ರಮ. ಕರಡು ಕಾಗದದಲ್ಲಿ ತಪ್ಪಿದ್ದರೆ ಓದುವವನು ತಿದ್ದುವನು. ಸಿಂಪಡಿಸಿದ ಔಷಧವನ್ನು ತಿದ್ದುವವರಿಲ್ಲ.

ಮೇಜಿನ ಕೆಲಸಗಳಲ್ಲಿ ನಡಾವಳಿಯೇ ಮೊದಲನೆಯದು. ಒಂದು ಕೆರೆ ಬಳಕೆದಾರರ ಸಂಘದ ಸಮಿತಿ ಸಭೆ ಸೇರಿತೆಂದು ಭಾವಿಸಿಕೊಳ್ಳಬಹುದು. ತೂಬಿನ ಬಾಗಿಲು ಸೋರುವುದು, ಹೂಳೆತ್ತುವ ಕೆಲಸಕ್ಕೆ ಟ್ರಾಕ್ಟರು ಗೊತ್ತುಮಾಡುವುದು, ಕಾಲುವೆಯ ಮೇಲಿನ ಒತ್ತುವರಿ, ಮೀನು ಹರಾಜಿನ ಬಾಕಿ, ಇಷ್ಟರ ಮೇಲೂ ಎರಡು ಘಂಟೆಗಳ ಕಾಲ ಮಾತು ನಡೆಯಿತು. ಕಾರ್ಯದರ್ಶಿಯು ಚೀಟಿಯೊಂದರಲ್ಲಿ ಹತ್ತು ಹನ್ನೆರಡು ಸಾಲು ಗೀಚಿಕೊಂಡಿರುವನು. ಆ ಚೀಟಿಯಲ್ಲಿರುವುದನ್ನು ಫೋನಿಗೆ ಓದಿ ಹೇಳಿ, ಈ ಕೆಳಗಿನಂತೆ ಅಪ್ಪಣೆ ಕೊಟ್ಟರೆ ಸಾಕು:

‘ಇದು ಕೆರೆ ಬಳಕೆದಾರರ ಸಂಘದ ಸಮಿತಿ ಸಭೆಯ ಟಿಪ್ಪಣಿ. ಇದರಿಂದ ನಡಾವಳಿಯ ಕರಡನ್ನು ಸರಳವಾದ ಕನ್ನಡದಲ್ಲಿ ಬರೆ. ತೀರ್ಮಾನಗಳಿಗೆ ಕ್ರಮಸಂಖ್ಯೆ ಕೊಡು. ಪ್ರತಿಯೊಂದು ತೀರ್ಮಾನವನ್ನೂ ಯಾರು, ಯಾವ ದಿನದೊಳಗಾಗಿ ನೆರವೇರಿಸಬೇಕೆಂಬುದನ್ನು ತಿಳಿಸು. ಟಿಪ್ಪಣಿಯಲ್ಲಿ ಇಲ್ಲದ ಯಾವ ಸಂಗತಿಯನ್ನೂ ಸೇರಿಸಬೇಡ. ಸಂಗತಿ ಸಾಲದ ಕಡೆ ಜಾಗ ಖಾಲಿ ಬಿಟ್ಟು, ಕೊನೆಯಲ್ಲಿ ನಿನ್ನ ಪ್ರಶ್ನೆಗಳನ್ನು ಬರೆ.’

ಈ ಅಪ್ಪಣೆಯಲ್ಲಿ ಕೊನೆಯ ಎರಡು ವಾಕ್ಯಗಳೇ ಹೆಚ್ಚು ಬೆಲೆಯುಳ್ಳವು. ಅವನ್ನು ಬಿಟ್ಟರೆ ಯಂತ್ರವು ತನ್ನ ಕಡೆಯಿಂದ ಒಂದೆರಡು ತೀರ್ಮಾನಗಳನ್ನು ಸೇರಿಸಿ ನಡಾವಳಿಯನ್ನು ತುಂಬಾ ಸೊಗಸಾಗಿ ಮಾಡಬಹುದು. ಅವು ಇದ್ದರೆ, ‘ಟ್ರಾಕ್ಟರಿನ ಬಾಡಿಗೆಯನ್ನು ಯಾವ ಬಾಬಿನಿಂದ ಕೊಡತಕ್ಕದ್ದೆಂದು ಟಿಪ್ಪಣಿಯಲ್ಲಿ ಇಲ್ಲ’ ಎಂಬಂಥಾ ಪ್ರಶ್ನೆ ಬರುವ ಸಂಭವವುಂಟು. ಆ ಪ್ರಶ್ನೆಯನ್ನು ಸಭೆಯಲ್ಲಿಯೇ ಯಾರಾದರೂ ಕೇಳಬೇಕಾಗಿತ್ತಷ್ಟೆ! ಆದರೂ ಈ ಲಗಾಮಿನಿಂದ ತಪ್ಪು ಕಡಿಮೆಯಾಗುವುದೇ ಹೊರತು ಪೂರ್ತಿ ನಿಲ್ಲುವುದಿಲ್ಲ. ಕರಡನ್ನು ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದಿ, ತಿದ್ದಿ, ನಡಾವಳಿ ಪುಸ್ತಕಕ್ಕೆ ಕೈಬರಹದಲ್ಲಿಯೇ ಏರಿಸಿ, ರುಜುಗಳನ್ನು ಪಡೆಯಬೇಕು.

ಎರಡನೆಯದು ಇಂಗ್ಲಿಷು ಕಾಗದಗಳ ವ್ಯವಹಾರ. ನಾಲ್ಕು ಪುಟದ ಸುತ್ತೋಲೆಯೊಂದು ಬಂದರೆ ಅದರಲ್ಲಿ ಸಂಘವು ಮಾಡತಕ್ಕ ಕೆಲಸ ಯಾವುದು, ಕಡೆಯ ದಿನ ಯಾವುದು, ಲಗತ್ತಿಸಬೇಕಾದ ದಾಖಲೆಗಳಾವುವು ಎಂಬ ಮೂರನ್ನೇ ಕನ್ನಡದಲ್ಲಿ ತಿಳಿಸೆಂದು ಕೇಳಬಹುದು. ಅದು ಹೇಳಿದ ದಿನಾಂಕವನ್ನೂ ಮೊಬಲಗನ್ನೂ ಮೂಲ ಕಾಗದದಲ್ಲಿ ಬೆರಳಿಟ್ಟು ಹುಡುಕಿ ನೋಡಿದ ಮೇಲೆ ನಂಬತಕ್ಕದ್ದು; ಅಂಕಿಗಳನ್ನು ಗುರುತಿಸುವುದಕ್ಕೆ ಇಂಗ್ಲಿಷು ಬೇಕಾಗುವುದಿಲ್ಲ.

ಧನಸಹಾಯದ ಅರ್ಜಿಗಳಲ್ಲಿ ಪ್ರಯೋಜನವೂ ಅಪಾಯವೂ ಎರಡೂ ಹೆಚ್ಚು. 2013ನೇ ಇಸವಿಯ ಕಂಪೆನಿಗಳ ಅಧಿನಿಯಮದ 135ನೇ ಪ್ರಕರಣದಂತೆ, ನಿಗದಿಯಾದ ಗಾತ್ರವನ್ನು ಮೀರಿದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ನಿವ್ವಳ ಲಾಭದ ಸರಾಸರಿಯಲ್ಲಿ ನೂರಕ್ಕೆ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕಾರ್ಯಗಳಿಗೆ ವಿನಿಯೋಗಿಸಬೇಕು. ಇದು 2014ರ ಏಪ್ರಿಲ್ ಒಂದರಿಂದ ಜಾರಿಯಲ್ಲಿದೆ. ಈ ಹಣವು ಪಟ್ಟಣಗಳ ದೊಡ್ಡ ಸಂಸ್ಥೆಗಳಿಗೆ ಸುಲಭವಾಗಿ ದೊರೆತು ಹಳ್ಳಿಯ ಸಂಘಕ್ಕೆ ದೊರೆಯದಿರಲು ನೋಂದಣಿಯ ನಿಬಂಧನೆಗಳು ಒಂದು ಕಾರಣ. ಕಂಪೆನಿಯವರು ಬಯಸುವ ಧಾಟಿಯಲ್ಲಿ ಇಂಗ್ಲಿಷು ಅರ್ಜಿ ಬರೆಯಬಲ್ಲವರ ಅಭಾವ ಮತ್ತೊಂದು. ಈ ಎರಡನೆಯ ತೊಡಕನ್ನು ಯಂತ್ರವು ಬಹುಮಟ್ಟಿಗೆ ಬಿಡಿಸಬಲ್ಲುದು. ಕೆರೆಯ ವಿಸ್ತೀರ್ಣ, ಅಚ್ಚುಕಟ್ಟಿನ ಎಕರೆಗಳು, ಕಳೆದ ಬಾರಿ ಹೂಳೆತ್ತಿದ ವರ್ಷ, ಸದಸ್ಯರ ಸಂಖ್ಯೆ, ಬೇಕಾದ ಹಣ, ಊರಿನವರು ಶ್ರಮದಾನದಿಂದ ಭರಿಸುವ ಭಾಗ, ಇವನ್ನು ಕನ್ನಡದಲ್ಲಿಯೇ ಹೇಳಿದರೆ ಅರ್ಧ ಘಂಟೆಯೊಳಗೆ ಇಂಗ್ಲಿಷು ಕರಡು ಸಿದ್ಧ.

ಆ ಕರಡಿನಲ್ಲಿ ‘ಇದರಿಂದ 500 ಕುಟುಂಬಗಳಿಗೆ ಅನುಕೂಲವಾಗುವುದು’ ಎಂಬ ಸಾಲು ಸೇರಿಕೊಂಡಿದೆಯೆನ್ನಿ. ಊರಿನಲ್ಲಿರುವುದು 140 ಮನೆ. ಇಂಗ್ಲಿಷು ತಿಳಿಯದ ಅಧ್ಯಕ್ಷರು ರುಜು ಹಾಕಿದರು, ಹಣವೂ ಮಂಜೂರಾಯಿತು, ವರ್ಷ ಕಳೆದ ಮೇಲೆ ಪರಿಶೀಲನೆಗೆ ಬಂದವರು ಆ 500 ಕುಟುಂಬಗಳ ಪಟ್ಟಿಯನ್ನು ಕೇಳಿದರೆ ಉತ್ತರ ಕೊಡತಕ್ಕವರು ರುಜು ಹಾಕಿದವರೇ. ಯಂತ್ರ ಬರೆಯಿತೆಂಬುದು ಯಾವ ಕಛೇರಿಯಲ್ಲಿಯೂ ಸಮಾಧಾನವಾಗಲಾರದು. ಆದಕಾರಣ ಇಂಗ್ಲಿಷು ಕರಡನ್ನು ಬೇರೊಂದು ಸಹಾಯಕದಿಂದ ಕನ್ನಡಕ್ಕೆ ತಿರುಗಿಸಿಕೊಂಡು, ಅದನ್ನು ಸಮಿತಿಯಲ್ಲಿ ಓದಿಸಿ, ಪ್ರತಿಯೊಂದು ಅಂಕಿಯೂ ಸಂಘದ ಯಾವ ಪುಸ್ತಕದ ಯಾವ ಪುಟದಿಂದ ಬಂದುದೆಂದು ಗುರುತು ಹಾಕದೆ ರುಜು ಮಾಡಬಾರದು. ಯಂತ್ರದ ಮಾತನ್ನು ಯಂತ್ರದಿಂದಲೇ ಪರೀಕ್ಷಿಸುವುದು ಎಷ್ಟರಮಟ್ಟಿಗೆ ಸರಿಯೆಂದು ಕೆಲವರು ಕೇಳಬಹುದು. ಪೂರ್ತಿ ಸರಿಯಲ್ಲ, ಇಂಗ್ಲಿಷು ಬಲ್ಲವರು ಸಿಕ್ಕಿದರೆ ಅವರಿಗೂ ತೋರಿಸುವುದೇ ಉತ್ತಮ. ಆದರೆ ಬರೆದುಕೊಡಲು ಒಂದು ವಾರ ಬಿಡುವಿಲ್ಲದವರಿಗೂ ಓದಿ ನೋಡಲು ಕಾಲು ಘಂಟೆ ದೊರೆಯಬಹುದು.

ವಾರ್ಷಿಕ ವರದಿ, ಸಭೆಯ ತಿಳಿವಳಿಕೆ ಪತ್ರ, ದಾನಿಗಳಿಗೆ ವಂದನಾ ಪತ್ರ, ವಾಟ್ಸಾಪಿನಲ್ಲಿ ಕಳುಹಿಸುವ ಪ್ರಕಟಣೆ, ಇವೆಲ್ಲಕ್ಕೂ ಇದೇ ಕ್ರಮ. ಬೇರೆ ವಿವರ ಬೇಕಿಲ್ಲ. ಲೆಕ್ಕದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ. ಖರ್ಚಿನ ಬಾಬುಗಳನ್ನು ವಿಂಗಡಿಸುವುದಕ್ಕೂ ವೋಚರು ಇಲ್ಲದ ಬಾಬುಗಳನ್ನು ಪಟ್ಟಿ ಮಾಡುವುದಕ್ಕೂ ಅದರ ನೆರವು ಪಡೆಯಬಹುದು. ಕೂಡುವುದು ಕಳೆಯುವುದನ್ನು ಮಾತಿನ ಯಂತ್ರಕ್ಕೆ ಬಿಡದೆ ಕ್ಯಾಲ್ಕುಲೇಟರಿನಲ್ಲಿ ಮಾಡುವುದು ಕ್ಷೇಮ. ಕಿರ್ದಿಯಂತೂ ಮನುಷ್ಯನ ಕೈಯಲ್ಲಿಯೇ ಇರತಕ್ಕದ್ದು.

ಕನ್ನಡದ ವಿಷಯವಾಗಿ ಒಂದು ಮಾತು. ಅಂತರ್ಜಾಲದಲ್ಲಿ ಇಂಗ್ಲಿಷು ಬರವಣಿಗೆಗೆ ಹೋಲಿಸಿದರೆ ಕನ್ನಡ ಬರವಣಿಗೆ ಸ್ವಲ್ಪ; ಅದರಲ್ಲಿ ಹಳ್ಳಿಯ ಮಾತು ಇನ್ನೂ ಸ್ವಲ್ಪ. ಈ ಕೊರತೆಯನ್ನು ನೀಗಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್ ಕಂಪೆನಿಯ ನೆರವಿನಿಂದ ವಾಣಿ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗಳ ಜನರ ಮಾತನ್ನು ಸಂಗ್ರಹಿಸುತ್ತಿದೆ. ಬೆಂಗಳೂರಿನಲ್ಲಿಯೇ ಹುಟ್ಟಿದ ಕಾರ್ಯ ಎಂಬ ಸಂಸ್ಥೆಯು ಹಳ್ಳಿಗಳವರಿಗೆ ಹಣ ಕೊಟ್ಟು ಕನ್ನಡ ವಾಕ್ಯಗಳನ್ನು ಓದಿಸಿ ಧ್ವನಿಮುದ್ರಣ ಮಾಡಿಸಿರುವುದು. ಹೀಗಿದ್ದರೂ ಸದ್ಯಕ್ಕೆ ಯಂತ್ರದ ಕಿವಿ ಪಟ್ಟಣದ ಕಿವಿ. ‘ಕೆರೆಯ ಕೋಡಿ’ ಎಂದದ್ದು ‘ಕೋಟಿ’ ಎಂದು ಕೇಳಿಸಬಹುದು. ದುರಸ್ತಿಯ ಅರ್ಜಿಯಲ್ಲಿ ಇದರಿಂದಾಗುವ ಅನರ್ಥವನ್ನು ವಿವರಿಸಬೇಕಾದುದಿಲ್ಲ. ಬಿಳಿ ಜೋಳಕ್ಕೂ ಮೆಕ್ಕೆಜೋಳಕ್ಕೂ ಇರುವ ಭೇದ ಇಂಗ್ಲಿಷಿಗೆ ಹೋಗುವಾಗ ಕಳೆದುಹೋಗಬಹುದು. ಪಲ್ಲ, ಖಂಡುಗ, ಕೊಳಗ ಮೊದಲಾದ ಅಳತೆಗಳು ಊರಿಂದೂರಿಗೆ ಬೇರೆಯಾದುದರಿಂದ ಅವನ್ನು ಯಂತ್ರಕ್ಕೆ ಹೇಳದೆ, ಕ್ವಿಂಟಾಲು, ಕಿಲೋಗ್ರಾಂ, ಎಕರೆ, ಗುಂಟೆಗಳಲ್ಲಿಯೇ ಹೇಳುವುದು ಮೇಲು.

ಇದಕ್ಕಿಂತಲೂ ಗಂಭೀರವಾದದ್ದು ಸದಸ್ಯರ ಗುಟ್ಟಿನ ವಿಷಯ. ಯಂತ್ರಕ್ಕೆ ಹೇಳಿದ ಮಾತು ಫೋನಿನಲ್ಲಿ ಉಳಿಯುವುದಿಲ್ಲ. ದೂರದ ಕಂಪೆನಿಯ ಗಣಕಯಂತ್ರಗಳಿಗೆ ಹೋಗುವುದು. ಕೆಲವು ಕಂಪೆನಿಗಳು ಆ ಮಾತುಗಳನ್ನು ತಮ್ಮ ಯಂತ್ರದ ಅಭ್ಯಾಸಕ್ಕೂ ಬಳಸುತ್ತವೆ. ಬೇಡವೆಂದು ತಿಳಿಸುವ ಗುಂಡಿಯೊಂದು ಸಾಮಾನ್ಯವಾಗಿ ಸೆಟ್ಟಿಂಗ್ಸ್ ಭಾಗದಲ್ಲಿ ಇರುತ್ತದೆ. ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ ಸಂಖ್ಯೆ, ಯಾರ ಸಾಲ ಎಷ್ಟು ಬಾಕಿ, ಯಾರ ಮನೆಯಲ್ಲಿ ಎಂಥಾ ಕಾಯಿಲೆ, ಇವನ್ನು ಅದಕ್ಕೆ ಹೇಳಲೇಕೂಡದು. ಹೆಸರಿನ ಬದಲು ‘ಸದಸ್ಯ 14’, ‘ಸದಸ್ಯ 27’ ಎಂದು ಹೇಳಿ, ಕರಡು ಬಂದ ಮೇಲೆ ಕೈಯಿಂದ ಹೆಸರು ತುಂಬಿಕೊಳ್ಳಬಹುದು. 2023ನೇ ಇಸವಿಯಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ ಆಗಿರುತ್ತದೆ. ಆದರೆ ಕಾಯಿದೆಯ ಭಯಕ್ಕಿಂತ ಊರಿನ ವಿಶ್ವಾಸವೇ ಇಲ್ಲಿ ಹೆಚ್ಚಿನದು. ಸ್ವಸಹಾಯ ಸಂಘದ ಹೆಂಗಸೊಬ್ಬಳ ಸಾಲದ ಸಂಗತಿ ಹೊರಗೆ ಹರಿದಾಡಿತೆಂದರೆ ಆ ಸಂಘಕ್ಕೆ ಮುಂದೆ ಯಾರೂ ಮನಸ್ಸು ಬಿಚ್ಚಿ ಮಾತನಾಡುವುದಿಲ್ಲ.

ಹೊಲದ ವಿಷಯಕ್ಕೆ ಈಗ ಬರಬಹುದು. ಒಂದು ಕೀಟನಾಶಕವನ್ನು ಹೆಕ್ಟೇರಿಗೆ 500 ಮಿಲಿಲೀಟರು ಬಳಸಬೇಕೆಂದಿದ್ದರೆ ಎಕರೆಗೆ ಸುಮಾರು 200 ಮಿಲಿಲೀಟರಾಗುವುದು. ಒಂದು ಹೆಕ್ಟೇರಿಗೆ ಎರಡೂವರೆ ಎಕರೆಗೆ ತುಸು ಕಡಿಮೆಯಷ್ಟೆ. ಯಂತ್ರವು ಹೆಕ್ಟೇರನ್ನು ಎಕರೆಯೆಂದು ಒಂದು ಸಲ ತಪ್ಪಿದರೆ ಎರಡೂವರೆ ಪಾಲು ವಿಷ ಬೆಳೆಯ ಮೇಲೆ ಬೀಳುವುದು, ಸಿಂಪಡಿಸುವ ಕೂಲಿಯವನ ಮೈಮೇಲೆಯೂ ಬೀಳುವುದು. ತನ್ನ ಒಂದು ಎಕರೆಯಲ್ಲಿ ಒಬ್ಬ ರೈತನು ಹೀಗೆ ತಪ್ಪಿದರೆ ನಷ್ಟ ಅಷ್ಟಕ್ಕೇ ನಿಲ್ಲುವುದು. ಸಂಘದ ಹೆಸರಿನಲ್ಲಿ ವಾಟ್ಸಾಪು ಗುಂಪಿಗೆ ಹೋದ ಸಲಹೆ ಒಂದೇ ಸಂಜೆಯಲ್ಲಿ ಊರಿಗೆಲ್ಲ ಹರಡುವುದು. ಡಬ್ಬಿಯ ಮೇಲಿನ ಚೀಟಿ, ಅದರೊಡನೆ ಬರುವ ಕರಪತ್ರ, ವಿಷದ ತೀವ್ರತೆಯನ್ನು ಸೂಚಿಸುವ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು, ಇವೇ ಪ್ರಮಾಣ. ಸಂದೇಹವಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರವಿದೆ. 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರಿನ 1800-180-1551 ಎಂಬ ಸಂಖ್ಯೆಗೆ ಖರ್ಚಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಕೇಳಬಹುದು.

ಹೊಲಕ್ಕೆ ಯಂತ್ರಸಹಾಯಕವು ಎಂದಿಗೂ ಬರಬಾರದೆಂದು ಇದರ ಅರ್ಥವಲ್ಲ. ಪರಿಶೀಲಿಸಿದ ವಿಷಯವನ್ನೇ ಆಧಾರವಾಗಿಟ್ಟುಕೊಂಡು ಉತ್ತರಿಸುವ ಯಂತ್ರ ಬೇರೆ, ಏನನ್ನಾದರೂ ಹೇಳುವ ಸಾಮಾನ್ಯ ಯಂತ್ರ ಬೇರೆ. ಡಿಜಿಟಲ್ ಗ್ರೀನ್ ಎಂಬ ಸಂಸ್ಥೆಯ ಉದಾಹರಣೆ ಗಮನಾರ್ಹವಾದುದು. ಇದು 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಒಂದು ಪ್ರಯೋಗವಾಗಿ ಹುಟ್ಟಿ, 2008ರಲ್ಲಿ ಲಾಭರಹಿತವಾದ ಸ್ವತಂತ್ರ ಸಂಸ್ಥೆಯಾಯಿತು. ರೈತರಿಂದಲೇ ರೈತರಿಗೆ ತೋರಿಸುವ ಚಲಚ್ಚಿತ್ರಗಳನ್ನು ಹಲವು ವರ್ಷ ತಯಾರಿಸಿ, ವಿಷಯ ಸಂಗ್ರಹವಾದ ಮೇಲೆ 2023ರಲ್ಲಿ ಫಾರ್ಮರ್.ಚಾಟ್ ಎಂಬ ಸಹಾಯಕವನ್ನು ಹೊರತಂದಿತು. ಮೊದಲು ಭಂಡಾರ, ಆಮೇಲೆ ಯಂತ್ರ ಎಂಬ ಕ್ರಮವನ್ನು ಇಲ್ಲಿ ಕಾಣಬಹುದು. ಪಿಎಂ ಕಿಸಾನ್ ಯೋಜನೆಯ ವಿಚಾರಣೆಗಾಗಿ ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರಿನಲ್ಲಿ ಏರ್ಪಡಿಸಿದ ಕಿಸಾನ್ ಇ-ಮಿತ್ರವೂ ಒಂದು ಯೋಜನೆಯ ಪ್ರಶ್ನೆಗಳಿಂದ ಪ್ರಾರಂಭವಾದುದೇ.

ಜಮೀನುದಾರರಲ್ಲಿ ಕೆಲವರಿಗೆ ಇದೆಲ್ಲವೂ ಅನಾವಶ್ಯಕವೆಂದು ತೋರಬಹುದು. ‘ಬರೆಯುವ ಹುಡುಗನು ಮನೆಯಲ್ಲಿಯೇ ಇದ್ದಾನೆ’ ಎನ್ನಬಹುದು. ತೊಂದರೆಯಿರುವುದು ಅಲ್ಲಿಯೇ. ಊರಿನ ಲೆಕ್ಕವೆಲ್ಲ ಒಂದು ಮನೆಯ ಕಡತದಲ್ಲಿದ್ದ ಕಾಲವೊಂದಿತ್ತು. 1961ನೇ ಇಸವಿಯ ಅಧಿನಿಯಮದಿಂದ ವಂಶಪಾರಂಪರ್ಯದ ಗ್ರಾಮ ಪದವಿಗಳು ರದ್ದಾದುವು. ಆದರೆ ಬರೆಯಬಲ್ಲ ಮನೆಗೆ ಊರು ಕೈಯೊಡ್ಡುವ ರೂಢಿ ರದ್ದಾಗಲಿಲ್ಲ. ಯಂತ್ರಸಹಾಯಕವನ್ನು ಬೆಂಗಳೂರಿನಲ್ಲಿ ಓದಿಬಂದ ಒಬ್ಬ ಮಗನ ಫೋನಿನಲ್ಲಿ ಮಾತ್ರ ಇಟ್ಟರೆ ಹಳೆಯ ಕಡತವೇ ಹೊಸ ವೇಷದಲ್ಲಿ ಬಂದಂತಾಗುವುದು. ಸಂಘದ ಖಾತೆಯನ್ನು ಸಂಘದ ಹೆಸರಿನಲ್ಲಿ ತೆರೆದು, ಅದರ ಗುಪ್ತಪದವು ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರಿಗೂ ತಿಳಿದಿದ್ದು, ಮಹಿಳಾ ಸದಸ್ಯರಲ್ಲಿ ಇಬ್ಬರಿಗಾದರೂ ಅದನ್ನು ಉಪಯೋಗಿಸುವುದನ್ನು ಕಲಿಸಿಕೊಡಬೇಕು. ಸ್ವಸಹಾಯ ಸಂಘಗಳ ಲೆಕ್ಕ ಬರೆದು ರೂಢಿಯಿರುವ ಹೆಂಗಸರು ಇದನ್ನು ಬೇಗನೆ ಹಿಡಿಯಬಲ್ಲರು. ತಮ್ಮ ಅಹವಾಲನ್ನು ತಾವೇ ಹೇಳಿ ಬರೆಯಿಸಲು ಶಕ್ತರಾದ ಸದಸ್ಯರು ಸಭೆಯಲ್ಲಿ ಹೆಚ್ಚು ಪ್ರಶ್ನೆಗಳನ್ನು ಕೇಳುವುದೂ ನಿಶ್ಚಯ. ಮುಖಂಡರಿಗೆ ಅದರಿಂದ ಸ್ವಲ್ಪ ಇರಿಸುಮುರಿಸಾದರೂ ಸಂಘವು ಎಚ್ಚರವಾಗಿರುವುದು.

ಪ್ರಾರಂಭಿಸಬೇಕೆನ್ನುವ ಸಂಘಗಳು ಹೊಸ ಅರ್ಜಿಯಿಂದ ಪ್ರಾರಂಭಿಸದೆ, ಕಳೆದ ವರ್ಷದ ಒಂದು ಸಭೆಯ ಹಳೆಯ ಚೀಟಿಯನ್ನು ಮೊದಲು ಯಂತ್ರಕ್ಕೆ ಕೊಡಲಿ. ಆ ಸಭೆಯ ನಿಜವಾದ ನಡಾವಳಿ ಪುಸ್ತಕದಲ್ಲಿ ಇದ್ದೇ ಇರುವುದು. ಎರಡನ್ನೂ ಪಕ್ಕದಲ್ಲಿಟ್ಟು, ಯಂತ್ರವು ಬಿಟ್ಟದ್ದೇನು, ಸೇರಿಸಿದ್ದೇನು, ತಪ್ಪಾಗಿ ಕೇಳಿಸಿಕೊಂಡದ್ದೇನು ಎಂದು ಕೆಂಪು ಶಾಯಿಯಿಂದ ಗುರುತು ಮಾಡಬೇಕು. ಹೀಗೆ ನಾಲ್ಕೈದು ಸಭೆಗಳನ್ನು ಪರೀಕ್ಷಿಸುವಷ್ಟರಲ್ಲಿ ಅದರ ಗುಣವೂ ದೋಷವೂ ಸಮಿತಿಗೆ ಮನದಟ್ಟಾಗುವುದು. ಮಾರ್ಚಿ 31ಕ್ಕೆ ಲೆಕ್ಕದ ವರ್ಷ ಮುಗಿದು ವಾರ್ಷಿಕ ವರದಿಯ ಕೆಲಸ ಬೀಳುವುದಕ್ಕೆ ಮುಂಚಿತವಾಗಿಯೇ ಈ ಪರೀಕ್ಷೆಯನ್ನು ಮುಗಿಸಿಕೊಂಡಿರುವುದು ಅನುಕೂಲ.